ಹದಿನೇಳನೆಯ ತಂತಿ

ಗ್ದಾನ್ಸ್ಕ್, ಫೆಬ್ರವರಿ. ಕ್ಲಿನಿಕ್ಕಿನ ಕಿಟಕಿಯಾಚೆ
ಹಡಗುಕಟ್ಟೆಯ ಕ್ರೇನುಗಳು.
ಮೂವತ್ತು ವರ್ಷ ಅಲ್ಲೇ ರಿವೆಟ್ ಬಡಿದವನು ವಿತೋಲ್ಡ್,
ಕಿವಿಯನ್ನೂ ಅಲ್ಲೇ ಬಿಟ್ಟುಬಂದವನು.

"ಸಾಕಾ?" ಬೆರಳೆತ್ತಿ ಕೇಳುತ್ತಾಳೆ ಹಾಲಿನಾ.
ಸಾಕು, ಅನ್ನುತ್ತಾನೆ.
ಒಂದನೆಯದಕ್ಕೂ ಸಾಕು, ಒಂಬತ್ತನೆಯದಕ್ಕೂ ಸಾಕು.
ದೂರು ಹೇಳಿ ಅಭ್ಯಾಸವಿಲ್ಲದ ಬಾಯಿ.

ಈ ಸಲ ಅವಳು ಪರದೆ ನೋಡಲಿಲ್ಲ,
ಅವನ ರೆಪ್ಪೆ ನೋಡಿದಳು.
ಹದಿನೇಳನೆಯ ತಂತಿಗೆ ಅದು
ಗಾಳಕ್ಕೆ ಸಿಕ್ಕ ಮೀನಿನಂತೆ ಮಿಡುಕಿತು.
ಅದೊಂದನ್ನು ನಂದಿಸಿದಳು,
ಅಕ್ಕಪಕ್ಕದವನ್ನು ಕೂದಲೆಳೆಯಷ್ಟು ಏರಿಸಿದಳು.

ಇಷ್ಟು ದಿನ ಡಬ್ಬಿಯೊಳಗಿನ ಮೊಳೆಗಳಾಗಿದ್ದ ಮಾತು
ಈಗ ಮಾತಿನಂಥದೇನೋ.

ಹೊರಡುವಾಗ ಕೋಟಿನ ಜಿಪ್ ಎಳೆದ.
ನಿಂತ. ಇಳಿಸಿ ಮತ್ತೆ ಎಳೆದ.
"ಇದರ ಸದ್ದು," ಎಂದ, "ಇಷ್ಟು ಉದ್ದ ಇದೆಯಾ?"

ಬಸ್ಸು ತಪ್ಪಿತು.