ದಕ್ಷಿಣಕ್ಕೆ ಹುಣಸೆಮರ

ಮುಂಗಡ ಕೊಟ್ಬುಡಿ ಕಂಡಕ್ಟ್ರಮ್ಮ, ನಾಳಿಕ್ಕೆ
ಪಾಂಡವಪುರದ ಪಾರ್ಟಿ ಬತ್ತದೆ,
ಅಂದ ದಲ್ಲಾಳಿ ಪುಟ್ಟಮಾದ, ಜಗಲಿಯ ಮೇಲೆ ಕುಂತು.
ಇಪ್ಪತ್ತೇಳು ವರ್ಷ ಮಂಡ್ಯ–ನಾಗಮಂಗಲ ರೂಟಿನಲ್ಲಿ
ಹತ್ತಿ ಹತ್ತಿ, ಈಗಲೇ ಹೊರಡೋದು ಅಂತ
ನಾನೇ ಎಷ್ಟು ಸಲ ಕೂಗಿಲ್ಲ?
ಅಳೆಸದೆ ಕೊಡಲ್ಲ, ಅಂದೆ.

ಮೊದಲು ಬಂದವನು ಬಡಗಿ ಕಾಳಾಚಾರಿ.
ಉಳಿಯ ಹಿಡಿಯಿಂದ ಕಂಬಕಂಬವನ್ನೂ ತಟ್ಟಿ ಕಿವಿಗೊಟ್ಟ,
ಕಲ್ಲಂಗಡಿ ಆರಿಸುವವನ ಹಾಗೆ.
ಮೂರು ಕಂಬ ಟಕ್ಕೆಂದವು.
ನಾಲ್ಕನೆಯದು, ದೇವರಮನೆ ಪಕ್ಕದ್ದು,
ತುಸು ಯೋಚಿಸಿ ಬುಸ್ ಎಂದಿತು.
ಗೆದ್ಲು, ಅಂದ. ಒಳಗೆ ಮರ ಇಲ್ಲ ತಾಯಿ, ಬರೀ ಬಣ್ಣ.
ಹಾಗಾದರೆ ಇಷ್ಟು ದಿನ ಸೂರು ಹೊತ್ತಿದ್ದು
ಹೋದ ಗೌರಿಹಬ್ಬಕ್ಕೆ ಬಳಿದ ನೀಲಿಯೇ!
ತಲೆ ಎತ್ತಲು ಭಯವಾಗಿ ನೆಲ ನೋಡಿದೆ.
ಒಡೆದ ಹೆಂಚಿನಿಂದ ಉದುರಿದ ಬಿಸಿಲಿನ ಬಿಲ್ಲೆಗಳು.
ಚಿಲ್ಲರೆ ಎಣಿಸುವ ಚಾಳಿ ಬಿಡುವುದಿಲ್ಲ: ಹದಿನೇಳು.

ಸರ್ವೇಯರ್ ಇನಾಯತ್ ಬಂದಾಗ ಹನ್ನೊಂದೂವರೆ.
ಬೈಕಿನ ಹಿಂದೆ ಮುಕ್ಕಾಲಿ ಯಂತ್ರ,
ಬಗಲಲ್ಲಿ ಐವತ್ತೇಳನೇ ಇಸವಿಯ ಕ್ರಯಪತ್ರದ ನಕಲು.
ಚಕ್ಕುಬಂದಿಯನ್ನು ಗಟ್ಟಿಯಾಗಿ ಓದಿದ, ಹಾಜರಿ ಕೂಗಿದಂತೆ.
ಪೂರ್ವಕ್ಕೆ ರಾಜಬೀದಿ. ಇದೆ.
ಪಶ್ಚಿಮಕ್ಕೆ ಗುಂಡಮ್ಮನ ಹಿತ್ತಿಲಗೋಡೆ.
ಗೋಡೆಯೂ ಇಲ್ಲ, ಗುಂಡಮ್ಮನೂ ಇಲ್ಲ, ಕಳ್ಳಿಸಾಲು ಕೈಯೆತ್ತಿತು.
ಉತ್ತರಕ್ಕೆ ನೀರು ಹರಿಯುವ ಓಣಿ.
ಓಣಿಗೆ ಪಂಚಾಯ್ತಿಯವರು ಸಿಮೆಂಟು ಹಾಕಿದ್ದಾರೆ,
ನೀರಿಗೆ ಅದು ಗೊತ್ತಿಲ್ಲ;
ಅಡುಗೆಮನೆ ಗೋಡೆಯಲ್ಲಿ ಮೊಣಕಾಲುದ್ದ ಉಪ್ಪು ಹೂತಿದೆ.
ದಕ್ಷಿಣಕ್ಕೆ ಹುಣಸೆಮರ.

ಎಲ್ಲಿ ಮರ?
ಮಾರುವ ಚನ್ನಿಗಪ್ಪ ತಲೆ ಕೆರೆದುಕೊಂಡ.
ಪುಟ್ಟಮಾದ ಬೇಲಿಯಾಚೆ ಆರಡಿ ದೂರಕ್ಕೆ
ಧಾರಾಳವಾಗಿ ಕೈ ಚಾಚಿದ.

ಆಗ ಪಕ್ಕದ ಬಚ್ಚಲಿಂದ ಹೊಗೆ,
ಹೊಗೆಯ ಹಿಂದೆ ನಿಂಗಾಜಮ್ಮ, ಕೈಯಲ್ಲಿ ಕಬ್ಬಿನ ತರಗು.
ಮರವಾ? ನಮ್ಮತ್ತೆ ಕಡಿಸುದ್ಲು ಕನವ್ವ, ಆಲೆಮನೆ ಒಲೆಗೆ.
ಬೊಡ್ಡೆ ಇಲ್ಲೇ ಅದೆ. ಅದ್ರ ಮ್ಯಾಲೇ ನನ್ನ ಹಂಡೆ ಕುಂತಿರದು.

ಹೊಗೆಯಲ್ಲಿ ಯಂತ್ರದ ಕೆಂಪು ಕಣ್ಣು ಕುರುಡಾಯಿತು.
ಟೇಪು ಬಿಚ್ಚಿದ. ಒಂದು ತುದಿ ನನ್ನ ಕೈಗೆ.
ನಮ್ಮ ಗೋಡೆ ದಾಟಿ ಒಂದಡಿ ಸಂದಿ,
ಸಂದಿ ದಾಟಿ ಅವಳ ಬಚ್ಚಲು,
ಬಚ್ಚಲೊಳಗೆ ಎರಡಡಿ, ಹಂಡೆಯ ಬಿಸಿ ಹೊಟ್ಟೆಯವರೆಗೆ.
ಇಲ್ಲೀತನಕ ನಿಮ್ದೇ ಮೇಡಂ, ಅಂದ ಇನಾಯತ್, ಕೆಮ್ಮುತ್ತ.

ಪುಟ್ಟಮಾದನ ಮುಖ ಊರಗಲ.
ಕೆಡವ್ಸದೇಯ, ದಾಖ್ಲೆ ನಮ್ಮ ಕಡೆ!
ನಾನು ನಿಂಗಾಜಮ್ಮನನ್ನು ಕೇಳಿದೆ:
ಬೊಡ್ಡೆ ಇರೋದು ಯಾಕೆ ಹೇಳಿದ್ರಿ?
ನೀವು ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.
ಅದಕ್ಕವಳು ಒಲೆ ಊದುತ್ತಲೇ,
ನಾ ಹೇಳ್ನಿಲ್ಲ ಅಂದ್ರೆ ಹುಣ್ಸೆ ಸೀಯಾಯ್ತಿತ್ತಾ?

ಸ್ಟೇಜು ದಾಟಿ ಕೂತವರನ್ನು ನಡುದಾರಿಯಲ್ಲಿ ಇಳಿಸಿದ್ದೇನೆ.
ಕೆಲವರ ಕಡೆ ನೋಡದೆ ಬ್ಯಾಗಿನೊಳಗೆ ಕೈ ಹಾಕಿ
ಇಲ್ಲದ ಚಿಲ್ಲರೆ ಹುಡುಕಿದ್ದೂ ಇದೆ.
ಯಾರನ್ನು ಇಳಿಸಿದೆ, ಯಾರನ್ನು ಬಿಟ್ಟೆ,
ಅದಕ್ಕೊಂದು ಲೆಕ್ಕ ಇತ್ತೆಂದು ಹೇಳಲಾರೆ.

ಕಂಬಕ್ಕೆ, ಹೆಂಚಿಗೆ, ಉಪ್ಪು ತಿಂದ ಗೋಡೆಗೆ
ಬೆಲೆ ಇಳಿಸಿ ಅಂದೆ ಚನ್ನಿಗಪ್ಪನಿಗೆ.
ಒಂದು ಲಕ್ಷ ಅಂದವನು ಒಂದೂವರೆಗೆ ಬಂದ.
ಇನಾಯತ್ ಪೆನ್ನು ತೆರೆದು ಕಾದಿದ್ದ:
ದಕ್ಷಿಣಕ್ಕೆ ಈಗ ಏನಂತ ಬರೀಲಿ?
ನಿಂಗಾಜಮ್ಮನವರ ಬಚ್ಚಲಗೋಡೆ, ಅಂದೆ.
ಎರಡಡಿ ಹೋಗುತ್ತೆ ಮೇಡಂ.
ಹೋಗಲಿ.
ಪುಟ್ಟಮಾದ ಎದ್ದು ಪಂಚೆ ಕೊಡವಿಕೊಂಡ.

ಆದರೆ ಆ ಒಂದಡಿ ಸಂದಿ ಬಿಡಲಿಲ್ಲ ನಾನು.
ನಮ್ಮ ಹೆಂಚಿನ ನೀರು ಬೀಳಬೇಕಲ್ಲ.
ನಿಮ್ಮ ಸೌದೆ ತೆಗೆಸಿ ನಿಂಗಾಜಮ್ಮ, ಅಂದೆ.
ತಗಿಸ್ತೀನಿ ಬುಡವ್ವ, ಅಂದಳು.
ಆ ದನಿ ನನಗೆ ಚೆನ್ನಾಗಿ ಗೊತ್ತು:
ಮುಂದಿನ ಸ್ಟಾಪಲ್ಲಿ ಕೊಡ್ತೀನಿ ಅಂತ
ಕಿಟಕಿ ಕಡೆ ಮುಖ ತಿರುಗಿಸುವವರದು.