ಓದುವ ಬೆರಳು

ಕೋಟು ಬಿಚ್ಚುವ ಮೊದಲು ಔಲಿಕ್ಕಿ ಬಾಗಿಲಲ್ಲೇ ನಿಂತು
ಕೋಣೆಯನ್ನು ಕೇಳಿಸಿಕೊಳ್ಳುತ್ತಾಳೆ.
"ಆ ಫ್ಯಾನು ನರಳುತ್ತಿದೆ, ಸಿಲ್ಯಾ. ಎಣ್ಣೆ ಬಿಡು."
ಔಲು ಊರಿಗೆ ಫೆಬ್ರವರಿ. ಸೊನ್ನೆಯಿಂದ ಇಪ್ಪತ್ತಾರು ಕೆಳಗೆ.
ಹೆಪ್ಪುಗಟ್ಟಿದ ಸಮುದ್ರದ ಮೇಲೆ ಜನ ಸೈಕಲ್ ತುಳಿಯುವ ಕಾಲ.

ಪಿಯಾನೋಗಳಿಗೆ ಶ್ರುತಿ ಕೂಡಿಸುವುದು ಅವಳ ಕಸುಬು.
ಏಳನೇ ವರ್ಷಕ್ಕೆ ಬಂದ ಸಕ್ಕರೆ ಕಾಯಿಲೆ
ನಲವತ್ತಕ್ಕೆ ಕಣ್ಣು ಕೇಳಿತು. ಕೊಟ್ಟಳು.
ಅರವತ್ತೊಂದಕ್ಕೆ ಬೆರಳ ತುದಿ ಕೇಳುತ್ತಿದೆ.

ದಿನಕ್ಕೆ ನಾಲ್ಕು ಚುಚ್ಚು, ನಲವತ್ತು ವರ್ಷ:
ಐವತ್ತೆಂಟು ಸಾವಿರ ದಾಟುತ್ತದೆ.
ಗುಣಿಸಿದವಳು ನಾನು, ಅವಳಲ್ಲ.
ತೋಳಿಗೆ ಅಂಟಿಸುವ ಬಿಲ್ಲೆ ಒಗ್ಗಲಿಲ್ಲ, ಚರ್ಮ ಬೊಬ್ಬೆ ಎದ್ದಿತು.
ಒಂಬತ್ತು ಬೆರಳು ಉಪ್ಪುಕಾಗದದ ಹಾಗೆ ಒರಟು;
ಎಡಗೈಯ ತೋರುಬೆರಳೊಂದನ್ನು ಮಾತ್ರ
ಸೂಜಿಗೆ ತೋರಿಸಿಲ್ಲ.
ಅದು ಓದುವ ಬೆರಳು. ಬ್ರೈಲ್ ಚುಕ್ಕಿಗಳ ಮೇಲೆ
ಇರುವೆಯಂತೆ ದಾರಿ ಹುಡುಕಿ ನಡೆಯುವುದು ಅದೊಂದೇ.

ಅವಳ ಮಣಿಕಟ್ಟಿಗೆ ನಾನು ತಾಗಿಸುವುದು
ನಾಣ್ಯದಗಲದ ತಾಮ್ರದ ಉಂಗುರ.
ರೇಡಿಯೋ ಅಲೆ ಚರ್ಮದೊಳಗೆ ಒಂದಿಷ್ಟು ಇಳಿದು
ಸುದ್ದಿ ತಿಳಿದು ಬರುತ್ತದೆ.
ಮೊದಲ ದಿನವೇ ಹೇಳಿದ್ದೆ: "ಉಂಗುರಕ್ಕೆ ತನ್ನದೊಂದು ಶ್ರುತಿಯಿದೆ,
ಸೆಕೆಂಡಿಗೆ ಇನ್ನೂರು ಕೋಟಿ ಕಂಪನ.
ರಕ್ತದಲ್ಲಿ ಸಕ್ಕರೆ ಏರಿದರೆ ಕೂದಲೆಳೆಯಷ್ಟು ಏರುತ್ತದೆ,
ಇಳಿದರೆ ಇಳಿಯುತ್ತದೆ. ಆ ಎಳೆ ಹಿಡಿಯುವುದೇ ಕೆಲಸ."
ನಕ್ಕಿದ್ದಳು. "ನಾನೂ ಅದನ್ನೇ ಮಾಡುವುದು, ಮಗೂ.
ಸಂಬಳ ಕಡಿಮೆ."

ಇವತ್ತು ಬಂದವಳನ್ನು ಕೂರಿಸಿ ಉಂಗುರ ಇಟ್ಟೆನೋ ಇಲ್ಲವೋ
ಪರದೆ ಕೆಂಪಾಯಿತು. ಎರಡು ದಶಾಂಶ ಎಂಟು.
ಎಚ್ಚರ ತಪ್ಪುವ ಅಂಚು.
ಹಣ್ಣಿನ ರಸದ ಡಬ್ಬಿಗೆ ಓಡಿದೆ, ಕುರ್ಚಿ ಉರುಳಿತು.

"ಕೂತುಕೋ," ಅಂದಳು. "ಹೊಟ್ಟೆ ತಾಳ ಹಾಕುತ್ತಿಲ್ಲ.
ತುಟಿ ಜುಮ್ಮೆನ್ನುತ್ತಿಲ್ಲ.
ನಿನ್ನ ಉಂಗುರ ಇನ್ಯಾರದೋ ವಿಷಯ ಹೇಳುತ್ತಿದೆ."
ಬಲಗೈಯ ಕಿರುಬೆರಳು ಚಾಚಿದಳು,
ವಾರದ ಬಡ್ಡಿಯವನಿಗೆ ಚಿಲ್ಲರೆ ಎಸೆದ ಹಾಗೆ.
ಒಂದು ಹನಿ. ಆರು ದಶಾಂಶ ಒಂಬತ್ತು.

ಬೆಸುಗೆ ಸರಿಯಿದೆ. ತಂತಿ ಸರಿಯಿದೆ. ಲೆಕ್ಕ,
ಮೂರು ಸಲ ನೋಡಿದೆ, ಸರಿಯಿದೆ.
ಔಲಿಕ್ಕಿ ತನ್ನ ಮಣಿಕಟ್ಟನ್ನು ತಾನೇ ಹಿಡಿದು ನೋಡಿಕೊಂಡಳು.
"ಕೈಗವಸು ಬಸ್ಸಲ್ಲೇ ಉಳಿಯಿತು. ಬರಿಗೈಯಲ್ಲಿ ನಡೆದು ಬಂದೆ.
ಚಳಿಯಲ್ಲಿ ಹೊತ್ತು ತಂದ ಪಿಯಾನೋವನ್ನು
ಅಂದೇ ನಾನು ಮುಟ್ಟುವುದಿಲ್ಲ, ಸಿಲ್ಯಾ.
ಮರಕ್ಕೆ ಚಳಿ ಬಿಡಬೇಕು. ತಂತಿಗೆ ಮನೆ ಗೊತ್ತಾಗಬೇಕು.
ಅಲ್ಲಿಯತನಕ ಅದು ನುಡಿಯುವ ಸ್ವರ
ಅದರದ್ದಲ್ಲ, ಬೀದಿಯದ್ದು."

ಉಂಗುರ ಚಳಿಯನ್ನು ಹಸಿವೆಂದು ತಿಳಿದಿತ್ತು.
ಯುದ್ಧದ ವರ್ಷಗಳಲ್ಲಿ ಹುಡುಗಿಯಾಗಿದ್ದ ನನ್ನಜ್ಜಿ
ತಿರುವುಮುರುವಾಗಿ ಹೇಳುತ್ತಿದ್ದಳು:
ಹಸಿವೆಂದು ಗೊತ್ತಿರಲಿಲ್ಲ ನಮಗೆ, ಚಳಿ ಅಂದುಕೊಂಡಿದ್ದೆವು.

ಕಾಫಿ ಇಳಿಸಿದೆ. ಏಲಕ್ಕಿ ಹಾಕಿದ ಬನ್ನನ್ನು
ಅಂಗೈಯಲ್ಲಿ ತೂಗಿ, ಎಷ್ಟು ಇನ್ಸುಲಿನ್ ಎಂದು ಲೆಕ್ಕ ಹಾಕಿ
ತಟ್ಟೆಗಿಟ್ಟಳು. ಕಾಯುವುದೆಂದರೆ ಕಾಯುವುದು.
ಇಪ್ಪತ್ತು ನಿಮಿಷ ಕೈಗಳನ್ನು ಬಟ್ಟಲಿಗೆ ಸುತ್ತಿಕೊಂಡು
ಫ್ಯಾನಿಗೆ ಬೈಯುತ್ತಿದ್ದಳು.
ಮತ್ತೆ ಉಂಗುರ. ಏಳು ದಶಾಂಶ ಆರು.
"ಇನ್ನೂ ಕೊಂಚ ಏರು," ಅಂದಳು, "ಆದರೆ ಈಗ ಅದೇ ಹಾಡು."

ಬನ್ನು ತಿಂದು, ಕೈ ಒರೆಸಿಕೊಂಡು,
ಹೊಸ ಒಪ್ಪಿಗೆ ಪತ್ರವನ್ನು ತೊಡೆಯ ಮೇಲೆ ಹರಡಿದಳು.
ಬ್ರೈಲ್‌ನಲ್ಲಿ ನಾವೇ ಒತ್ತಿಸಿದ್ದು.
ಓದುವ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು.
"ಸೂಜಿಯನ್ನು ಇನ್ನೂ ಬಿಡಬೇಡಿ" ಎಂಬಲ್ಲಿ
"ಇನ್ನೂ" ದಾಟಿತು, ನಿಂತಿತು,
ಹಿಂದೆ ಬಂದು ಅದೊಂದೇ ಮಾತನ್ನು ಮತ್ತೆ ಮುಟ್ಟಿತು.

ಸಹಿ ಹಾಕಿದಳು. ಕೋಟಿನ ಗುಂಡಿ ಹಾಕುತ್ತ
"ಫ್ಯಾನಿಗೆ ಎಣ್ಣೆ," ಅಂದಳು.
ನನ್ನ ಕೈಗವಸು ಹಾಕಿಕೊಂಡು ಹೋದಳು.