ತಿಸಾ ಹೂಬಿಟ್ಟ ಸಂಜೆ

ಸೆಗೆದ್ ಊರಿನಲ್ಲಿ, ಮೂರನೇ ಮಹಡಿಯ
ಕಿಟಕಿಯಿಲ್ಲದ ಕೋಣೆಯಲ್ಲಿ ನನ್ನ ಕೆಲಸ.
ಇಲಿಯ ಎಡಗೆನ್ನೆಯ ಒಂದೇ ಒಂದು ಮೀಸೆಯನ್ನು
ಸೆಕೆಂಡಿಗೆ ಹತ್ತು ಸಲ ಅಲುಗಿಸುವ ಯಂತ್ರ.
ಅದರ ಗುಂಡಿ ಒತ್ತುವವಳು ನಾನು, ಬಾಕೋ ಪಿರೋಶ್ಕಾ,
ಹನ್ನೊಂದು ವರ್ಷದಿಂದ.

ಮೀಸೆ ಅಲುಗಿದರೆ ಬಲಮಿದುಳಿನಲ್ಲಿ
ಸಾಸಿವೆಗಿಂತ ಸಣ್ಣ ಜಾಗವೊಂದು ಹಸಿರಾಗಿ ಮಿನುಗಬೇಕು.
ಕೆಲವು ಇಲಿಗಳಲ್ಲಿ ಮಿನುಗುತ್ತದೆ.
ಕೆಲವದರಲ್ಲಿ ಎಣ್ಣೆ ಸಾಲದ ಬತ್ತಿ,
ಹೊತ್ತಿತೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಬೇಕು.
ಪಟ್ಟಿಯಲ್ಲಿ ಬರೆಯುತ್ತೇನೆ: ಅರ್ಧ.

ಅರ್ಧ ಅಂದರೆ ಇಷ್ಟೇ.
ನರಕೋಶಕ್ಕೂ ನರಕೋಶಕ್ಕೂ ನಡುವೆ ಒಂದು ಸಂದು.
ಅದರ ಆಚೆ ದಡದಲ್ಲಿ ಕೂತು, ಬಂದ ಸುದ್ದಿಯನ್ನು ತೂಗಿ
'ಈಗಲೇ ಬೇಡ, ತುಸು ತಾಳು' ಅನ್ನುವ ಒಂದು ಪ್ರೋಟೀನು.
ಅದನ್ನು ಬರೆಯುವ ಜೀನು ಅಪ್ಪನ ಕಡೆಯಿಂದೊಂದು, ಅಮ್ಮನ ಕಡೆಯಿಂದೊಂದು.
ಒಂದು ಮೂಕವಾದರೆ ಅರ್ಧ ಕಾವಲು.
ಕಾವಲು ತಪ್ಪಿದ ಸಂದುಗಳು ಎಳೆತನದಲ್ಲೇ ಬಲಿತುಬಿಡುತ್ತವೆ,
ತಿದ್ದಿ ಮುಗಿಯುವ ಮುಂಚೆಯೇ ಆವಿಗೆಗೆ ಬಿದ್ದ ಮಡಕೆ.
ಆಮೇಲೆ ಲೋಕ ಎಷ್ಟು ಬೆರಳಾಡಿಸಿದರೂ
ಅದು ಆಕಾರ ಕೇಳುವುದಿಲ್ಲ.

ಇದನ್ನೆಲ್ಲ ನಾನು ಕಲಿತದ್ದು ಕೆಲಸದಲ್ಲಲ್ಲ.
ಕೆಲಸದಲ್ಲಿ ಗುಂಡಿ ಒತ್ತುತ್ತಿದ್ದೆ, ಅಷ್ಟೆ.
ಝೊಂಬೊರನಿಗೆ ನಾಲ್ಕು ತುಂಬಿದ ಚಳಿಗಾಲ
ಒಲೆಯ ಕಾದ ತಟ್ಟೆಗೆ ಅಂಗೈ ಊರಿ ನಿಂತಿದ್ದ,
ಈರುಳ್ಳಿ ಕೆಂಪಾಗುವುದನ್ನು ನೋಡುತ್ತ.
ಮೊದಲು ಗೊತ್ತಾದದ್ದು ನನ್ನ ಮೂಗಿಗೆ.
ಅವನ ಮುಖದಲ್ಲಿ ಏನೂ ಇರಲಿಲ್ಲ.
ಅದೇ ಮಗು ಫ್ರಿಜ್ಜಿನ ಗುಂಯ್ ಸದ್ದಿಗೆ
ಕಿವಿ ಮುಚ್ಚಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿತ್ತು.

ವೈದ್ಯೆ ಕಾಗದವನ್ನು ನನ್ನ ಕಡೆ ತಿರುಗಿಸಿದಾಗ
ಆ ಜೀನಿನ ಹೆಸರು ಹೊಸದಲ್ಲ ನನಗೆ.
ಪಂಜರಗಳ ಮೇಲೆ ನಾನೇ ಅಂಟಿಸುವ ಚೀಟಿ.
ನಕ್ಕುಬಿಟ್ಟೆ. ಆಕೆ ನೀರು ತಂದುಕೊಟ್ಟಳು.

ಮರುದಿನ ರಜೆ ಕೇಳಲಿಲ್ಲ.
ಅರ್ಧದ ಇಲಿಗಳನ್ನು ಎತ್ತುವಾಗ ಮಾತ್ರ
ಎರಡೂ ಕೈ ಸೇರಿಸಿ ಬೊಗಸೆ ಮಾಡಿದೆ.
ಬಾಲ ಹಿಡಿದೆತ್ತುವುದನ್ನು ಅಂದಿನಿಂದ ಬಿಟ್ಟೆ.
ಪ್ರೊಫೆಸರ್ ಸೊಲ್ಲೋಶಿ ಹೇಳುತ್ತಾರೆ, ಇನ್ನು ಹತ್ತು ವರ್ಷದಲ್ಲಿ, ಬಹುಶಃ.
ಆ ಬಹುಶಃವನ್ನು ಮೆಲ್ಲಗೆ ಇಡುತ್ತಾರೆ,
ಅಂಚು ಸೀಳಿದ ಗಾಜಿನ ಲೋಟ ಇಟ್ಟಂತೆ.

ಜೂನ್ ನಡುವಿನ ಒಂದು ಸಂಜೆ
ಕೆಳಮನೆಯ ಗೆರ್ಗೆಯ್ ಬಾಗಿಲು ತಟ್ಟಿದ: ತಿಸಾ ಹೂಬಿಟ್ಟಿದೆ!
ಹೂವಲ್ಲ, ಹುಳ. ನದಿಯ ತಳದ ಜೇಡಿಯಲ್ಲಿ ಮೂರು ವರ್ಷ ಇದ್ದು
ಒಂದೇ ಸಂಜೆ ರೆಕ್ಕೆ ಬಿಚ್ಚಿ, ಕೂಡಿ, ಸಾಯುವ ಲಕ್ಷಾಂತರ ಹುಳ.
ಉಣ್ಣುವ ಬಾಯಿ ಕೂಡ ಇಲ್ಲ ಅವಕ್ಕೆ.
ಹೋಗಬಾರದಿತ್ತು. ದಡದ ತುಂಬ ಜನ, ಕೇಕೆ, ಬಿಯರು.
ಏಳು ವರ್ಷದ ಹುಡುಗನ ಕಿವಿಗೆ ದಪ್ಪ ಮುಚ್ಚಳ ತೊಡಿಸಿ ಹೋದೆ.
ಗೆರ್ಗೆಯ್ ಮೋಟಾರು ಹಚ್ಚಲಿಲ್ಲ,
ಹುಟ್ಟು ಹಾಕುತ್ತ ತಿರುವಿನಾಚೆ ಒಯ್ದ.

ಅವು ಬಂದು ಕೂತವು.
ಹುಬ್ಬಿನ ಮೇಲೆ, ಕುತ್ತಿಗೆಯ ಹಿಂದೆ,
ಅಂಗೈಯ ಹಳೆಯ ಸುಟ್ಟ ಕಲೆಯ ಮೇಲೆ.
ಉದ್ದುದ್ದ ಬಾಲದೆಳೆಗಳು, ಇಲಿಮೀಸೆಗಿಂತ ತೆಳು.
ಇನ್ನೇನು ಚೀರುತ್ತಾನೆ ಎಂದು ಕಾದೆ.
ಅವನು ಅಲುಗಲಿಲ್ಲ.
ಆಮೇಲೆ ಎರಡೂ ತೋಳು ಮುಂದೆ ಚಾಚಿದ,
ಇನ್ನಷ್ಟು ಬರಲಿ ಅಂತಲೋ ಏನೋ, ನನಗೆ ಹೇಗೆ ಗೊತ್ತು.
ಗಂಟಲಿನಿಂದ ಒಂದು ಸದ್ದು ಬಂತು, ಮಾತಲ್ಲ, ಅಳುವಲ್ಲ,
ಇಷ್ಟು ವರ್ಷ ಯಾವ ಪಟ್ಟಿಯಲ್ಲೂ ನಾನು ಬರೆದಿರದ ಸದ್ದು.

ಅವನೊಳಗೆ ಸಾಸಿವೆಯಷ್ಟು ಜಾಗ ಮಿನುಗಿತೋ ಇಲ್ಲವೋ.
ನೋಡಲು ಯಂತ್ರವಿರಲಿಲ್ಲ. ಕತ್ತಲಾಗುತ್ತಿತ್ತು.
ಗೆರ್ಗೆಯ್ ಟೋಪಿ ತೆಗೆದ, ಅದರೊಳಗೂ ಹುಳ.

ಮನೆಗೆ ಬಂದು ಅವನ ಕೂದಲಿನಿಂದ ಸತ್ತ ರೆಕ್ಕೆಗಳನ್ನು
ಒಂದೊಂದಾಗಿ ಬಿಡಿಸಿದೆ.
ಅದಕ್ಕೂ ಮುಂಚೆ ಫ್ರಿಜ್ಜಿನ ಪ್ಲಗ್ಗು ಕಿತ್ತಿದ್ದೆ.
ಬೆಳಗಿನ ಹೊತ್ತಿಗೆ ಹಾಲು ಒಡೆದಿತ್ತು.